ಠಗ್ಗರ ಸಿನಿಮಾಕ್ಕೂ ಸುರಪುರದ ಟೇಲರ್ ಸಾಹೇಬರಿಗೂ ಸಂಬಂಧವಿದೆಯೆ?

ಪ್ರಶ್ನೆ: ಟಿ.ವಿ.ಯಲ್ಲಿ ‘ಥಗ್ಸ್ ಆಫ್ ಹಿಂದೂಸ್ತಾನ್’ ಎಂಬ ಹಿಂದಿ ಸಿನಿಮಾ ನೋಡಿದೆವು. ಸುರಪುರದ ಗುಡ್ಡದ ಮೇಲೆ ಮನೆ ಕಟ್ಟಿಸಿಕೊಂಡಿದ್ದ ಟೇಲರ್ ಸಾಹೇಬರು ಬರೆದ ಕಾದಂಬರಿಯಿಂದಲೇ ಅದನ್ನು ತೆಗೆದಿದ್ದಾರೆ ಎಂದು ಜೊತೆಗಿದ್ದವರು ಹೇಳಿದರು. ಇದು ನಿಜವೆ? ನಿಜವಾದರೆ ಆ ಠಗ್ಗರು ನಮ್ಮ ಸೀಮೆಯವರೆ? ಸುರಪುರದ ಬೇಡರನ್ನೇ ಅವರು ಠಗ್ಗರೆಂದು ಬರೆದರೆ?
(ಶಹಾಪುರದ ಓದುಗರೊಬ್ಬರು)

ಉತ್ತರ: ನಿಮ್ಮ ಜೊತೆಗಿದ್ದವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆ ಸಿನಿಮಾ ಬಿಡುಗಡೆಯಾಗುವ ಮೊದಲು ಪತ್ರಿಕೆಗಳಲ್ಲಿಯೂ ಇದೇ ಮಾತು ಬಂದಿತ್ತು. ಹಾಗಾಗಿ ಗೊಂದಲ ಸಹಜ. ನಿಮ್ಮ ಪ್ರಶ್ನೆಯಲ್ಲಿ ಸಿನಿಮಾ, ಕಾದಂಬರಿ, ಸುರಪುರ ಎಂಬ ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲು ಸಿನಿಮಾ. ವಿಜಯ್ ಕೃಷ್ಣ ಆಚಾರ್ಯ ನಿರ್ದೇಶಿಸಿದ, ಯಶ್ ರಾಜ್ ಸಂಸ್ಥೆ ತಯಾರಿಸಿದ ಆ ಚಿತ್ರ 2018ರ ದೀಪಾವಳಿಗೆ ತೆರೆಗೆ ಬಂತು. ಕಥೆ ಶುರುವಾಗುವುದು 1795ರಲ್ಲಿ, ರೌನಕ್‌ಪುರ ಎಂಬ ರಾಜ್ಯದಲ್ಲಿ. ಅಂಥ ರಾಜ್ಯ ಇತಿಹಾಸದಲ್ಲಿ ಇರಲಿಲ್ಲ, ಅದು ಕಥೆಗಾರರ ಕಲ್ಪನೆ. ಕ್ಲೈವ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಆ ರಾಜ್ಯವನ್ನು ಮೋಸದಿಂದ ವಶಮಾಡಿಕೊಳ್ಳುತ್ತಾನೆ. ಉಳಿದುಕೊಂಡ ರಾಜಕುಮಾರಿ ಜಫೀರಾಳನ್ನು ಅಮಿತಾಭ್ ಬಚ್ಚನ್ ಅಭಿನಯಿಸಿದ ಖುದಾಬಕ್ಷ್ ಸಾಕಿ ಬೆಳೆಸಿ, ಹಡಗುಗಳ ಮೇಲೆ ಬಂಡಾಯ ನಡೆಸುತ್ತಾನೆ. ಅವರ ನಡುವೆ ಎರಡೂ ಕಡೆ ಕಾಲಿಟ್ಟುಕೊಂಡು ಓಡಾಡುವವನು ಆಮಿರ್ ಖಾನ್ ಅಭಿನಯಿಸಿದ ಫಿರಂಗಿ ಮಲ್ಲಾಹ. ಈ ಚಿತ್ರದಲ್ಲಿ ‘ಠಗ್’ ಎಂದರೆ ಕಂಪನಿ ಸರ್ಕಾರದ ವಿರುದ್ಧ ಹೋರಾಡುವ ಸ್ವಾತಂತ್ರ್ಯಪ್ರೇಮಿ.

ಇನ್ನು ಕಾದಂಬರಿ. ಫಿಲಿಪ್ ಮೆಡೋಸ್ ಟೇಲರ್ ಅವರ ‘ಕನ್ಫೆಷನ್ಸ್ ಆಫ್ ಎ ಠಗ್’, ಅಂದರೆ ಒಬ್ಬ ಠಗ್ಗನ ತಪ್ಪೊಪ್ಪಿಗೆ, 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅಲ್ಲಿ ಸಮುದ್ರವಿಲ್ಲ, ಹಡಗಿಲ್ಲ, ರಾಜಕುಮಾರಿಯೂ ಇಲ್ಲ. ಸೆರೆಯಲ್ಲಿರುವ ಅಮೀರ್ ಅಲಿ ಎಂಬ ಠಗ್ಗ ಒಬ್ಬ ಸಾಹೇಬನ ಮುಂದೆ ಕುಳಿತು ತನ್ನ ಬದುಕನ್ನು ಮೊದಲಿಂದ ಹೇಳುತ್ತಾ ಹೋಗುತ್ತಾನೆ. ಚಿಕ್ಕವನಿದ್ದಾಗ ಅವನ ತಂದೆತಾಯಿಯನ್ನು ದಾರಿಯಲ್ಲಿ ಠಗ್ಗರು ಕೊಂದರು. ಅವರಲ್ಲೊಬ್ಬನಾದ ಇಸ್ಮಾಯಿಲ್ ಮಗುವನ್ನು ಉಳಿಸಿ ಮಗನಂತೆ ಸಾಕಿದ. ಹುಡುಗ ಬೆಳೆದು ಅದೇ ಕಸುಬಿಗೆ ಬಿದ್ದ. ದಾರಿಹೋಕರ ಜೊತೆ ಸ್ನೇಹ ಬೆಳೆಸುವುದು, ಒಂದೆರಡು ಪಯಣ ಒಟ್ಟಿಗೆ ನಡೆದು ನಂಬಿಕೆ ಗಳಿಸುವುದು, ಸಂಕೇತದ ಮಾತು ಬಂದ ಕೂಡಲೇ ರುಮಾಲಿನಿಂದ ಕೊರಳು ಬಿಗಿದು ಕೊಂದು, ಮೊದಲೇ ತೋಡಿಟ್ಟ ಕುಣಿಯಲ್ಲಿ ಹೂತುಬಿಡುವುದು, ಇದು ಅವರ ಕ್ರಮ. ತಾನು ಕೊಂದವರಲ್ಲಿ ಒಬ್ಬಳು ತನ್ನ ಒಡಹುಟ್ಟಿದ ತಂಗಿ ಎಂಬುದು ಅಮೀರ್ ಅಲಿಗೆ ಬಹಳ ತಡವಾಗಿ ತಿಳಿಯುತ್ತದೆ. 719 ಜನರ ಸಾವಿನಲ್ಲಿ ತನ್ನ ಕೈ ಇದೆ ಎಂದು ಅವನು ಲೆಕ್ಕ ಕೊಡುತ್ತಾನೆ. ಹೇಳುವಾಗ ಅವನ ದನಿಯಲ್ಲಿ ನಾಚಿಕೆಗಿಂತ ಹೆಮ್ಮೆ ಹೆಚ್ಚು. ಓದುವವರ ಮೈ ಜುಮ್ಮೆನ್ನುವುದು ಇಲ್ಲಿಯೇ. ಇಂಗ್ಲೆಂಡಿನಲ್ಲಿ ಆಗಷ್ಟೇ ಪಟ್ಟಕ್ಕೆ ಬಂದಿದ್ದ ವಿಕ್ಟೋರಿಯಾ ರಾಣಿ ಅಚ್ಚಿನ ಹಾಳೆಗಳನ್ನೇ ತರಿಸಿ ಓದಿದಳಂತೆ. ಪುಸ್ತಕಕ್ಕೆ ಅಷ್ಟು ಕುತೂಹಲ ಹುಟ್ಟಿತ್ತು.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ ಸಮಾನವಾದದ್ದು ಠಗ್ ಎಂಬ ಹೆಸರು, ಕಂಪನಿಯ ಕಾಲ, ಇಷ್ಟೇ. ಆಮಿರ್ ಖಾನ್ ಪಾತ್ರದ ಹೆಸರು ಮಾತ್ರ ಫಿರಂಗಿಯಾ ಎಂಬ ನಿಜವಾದ ಠಗ್ಗ ಮುಖಂಡನನ್ನು ನೆನಪಿಸುತ್ತದೆ. ಅವನು 1830ರ ಹೊತ್ತಿಗೆ ಸಿಕ್ಕಿಬಿದ್ದು, ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಗೆ ಮಾಫಿಸಾಕ್ಷಿಯಾಗಿ ತನ್ನವರ ಗುಟ್ಟನ್ನೆಲ್ಲ ಬಿಚ್ಚಿಟ್ಟವನು. ಅಲ್ಲಿಗೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಸಿನಿಮಾ ಟೇಲರ್ ಅವರ ಕಾದಂಬರಿಯ ಕಥೆಯಲ್ಲ. ಕಾದಂಬರಿಗೆ ಹತ್ತಿರದ ಚಿತ್ರ ನೋಡಬೇಕೆಂದರೆ 1988ರ ‘ದಿ ಡಿಸೀವರ್ಸ್’ ನೋಡಿ. ಇಸ್ಮಾಯಿಲ್ ಮರ್ಚೆಂಟ್ ತಯಾರಿಸಿ, ನಿಕೊಲಸ್ ಮೆಯರ್ ನಿರ್ದೇಶಿಸಿದ ಇಂಗ್ಲಿಷ್ ಚಿತ್ರ ಅದು. ಪಿಯರ್ಸ್ ಬ್ರಾಸ್ನನ್ ಅಭಿನಯಿಸಿದ ಅಧಿಕಾರಿ ವೇಷ ಮರೆಸಿ ಠಗ್ಗರ ಗುಂಪು ಸೇರುತ್ತಾನೆ; ಶಶಿ ಕಪೂರ್, ಸಯೀದ್ ಜಾಫ್ರಿ ಕೂಡ ಇದ್ದಾರೆ. ಅದಕ್ಕೂ ಆಧಾರ ಟೇಲರ್ ಅಲ್ಲ, ಜಾನ್ ಮಾಸ್ಟರ್ಸ್ 1952ರಲ್ಲಿ ಬರೆದ ಬೇರೊಂದು ಕಾದಂಬರಿ. ಆದರೆ ಠಗ್ಗರ ನಡೆನುಡಿಯನ್ನು ತೋರಿಸುವ ರೀತಿಯಲ್ಲಿ ಅದು ಟೇಲರ್ ಪುಸ್ತಕದ ನೆಂಟನಂತೆ ಕಾಣುತ್ತದೆ.

ಇನ್ನು ನಿಮ್ಮ ಊರಿನ ಎಳೆ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಮೊದಲು ದೂರ ಮಾಡಬೇಕು. ಠಗ್ಗರ ಕಾದಂಬರಿಯನ್ನು ಟೇಲರ್ ಸುರಪುರದಲ್ಲಿ ಕುಳಿತು ಬರೆದರು ಎಂದು ಅನೇಕರು ನಂಬಿದ್ದಾರೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರಿಗೆ ಹಾಗನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಬರೆಯುವವರಿಗೆ ಹೇಳಿ ಮಾಡಿಸಿದಂಥ ಜಾಗ ಅದು. ಆದರೆ ಇಸವಿ ನೋಡಿ. ಪುಸ್ತಕ ಬಂದದ್ದು 1839ರಲ್ಲಿ. ಅವರನ್ನು ಸುರಪುರಕ್ಕೆ ನೇಮಿಸಿದ್ದು 1841ರಲ್ಲಿ. ಪುಸ್ತಕದ ಹಿಂದಿನ ಅನುಭವವೂ ಇಲ್ಲಿಯದಲ್ಲ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಟೇಲರ್, ಹದಿನೈದು ವರ್ಷದ ಹುಡುಗನಾಗಿ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಬಂದರು. ಆ ವ್ಯಾಪಾರ ಮುಳುಗುತ್ತಿತ್ತು. ಹಾಗಾಗಿ ಹೈದರಾಬಾದಿನ ನಿಜಾಮರ ಸೈನ್ಯಕ್ಕೆ ಸೇರಿಕೊಂಡರು. ಇದನ್ನೂ ಗಮನಿಸಿ: ಎಲ್ಲರೂ ಅಂದುಕೊಂಡಂತೆ ಅವರು ಕಂಪನಿ ಸೈನ್ಯದ ಅಧಿಕಾರಿಯಲ್ಲ, ಸಂಬಳ ತೆಗೆದುಕೊಂಡದ್ದು ನಿಜಾಮರ ಸೇವೆಯಲ್ಲಿ. ಕಂಪನಿಯ ಅಧಿಕಾರಿಗಳು ಅವರನ್ನು ತಮಗಿಂತ ಒಂದು ಮೆಟ್ಟಿಲು ಕೆಳಗಿನವರಂತೆ ಕಂಡದ್ದೂ ಉಂಟು. 1820ರ ದಶಕದ ಕೊನೆಗೆ ನಿಜಾಮರ ರಾಜ್ಯದ ಪಶ್ಚಿಮ ಭಾಗದಲ್ಲಿ, ತುಳಜಾಪುರದ ಸುತ್ತಿನಲ್ಲಿ ಪೊಲೀಸ್ ಕೆಲಸ ನೋಡುತ್ತಿದ್ದಾಗ ದಾರಿಯಲ್ಲಿ ಜನ ಮಾಯವಾಗುವ ಸುದ್ದಿಗಳು ಅವರ ಕಿವಿಗೆ ಬಿದ್ದವು. ಅದನ್ನು ಬೆನ್ನುಹತ್ತುವ ಮೊದಲೇ ಅವರನ್ನು ಬೇರೆ ಕೆಲಸಕ್ಕೆ ಕಳಿಸಿದರು. ಠಗ್ಗರ ಜಾಲವನ್ನು ಬಯಲಿಗೆಳೆದ ಹೆಸರು ಮಧ್ಯಭಾರತದಲ್ಲಿದ್ದ ಸ್ಲೀಮನ್‌ಗೆ ಹೋಯಿತು. ಆ ಕೊರಗು ಟೇಲರ್ ಅವರಿಗೆ ಕೊನೆಯವರೆಗೂ ಇತ್ತು. ಮುಂದೆ ಹಿಡಿದು ತಂದ ಠಗ್ಗರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಅವರ ಪಾಲಿಗೂ ಬಂತು. ಆ ಹೇಳಿಕೆಗಳೇ ಅಮೀರ್ ಅಲಿಯಾದವು.

ಹಾಗಾಗಿ ನಿಮ್ಮ ಮೂರನೆಯ ಸಂದೇಹಕ್ಕೆ ಖಚಿತವಾಗಿ ಹೇಳಬಲ್ಲೆ. ಆ ಕಾದಂಬರಿಯ ಠಗ್ಗರು ಸುರಪುರದ ಬೇಡರಲ್ಲ. ಠಗ್ಗರು ಊರೂರು ತಿರುಗುವ ಗುಂಪುಗಳು. ಬೇಡರಾದರೋ ನೆಲ, ಕೋಟೆ, ಸೈನ್ಯ, ದೇವಾಲಯ ಎಲ್ಲವೂ ಇದ್ದ ಒಂದು ಸಂಸ್ಥಾನದವರು. 1705ರಲ್ಲಿ ಮೊಗಲ ಬಾದಶಹ ಔರಂಗಜೇಬನೇ ಸ್ವತಃ ಬಂದು ಬೇಡರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಅದು ಅವನ ಕೊನೆಯ ದೊಡ್ಡ ಮುತ್ತಿಗೆ. ಕೋಟೆ ಬಿತ್ತು, ಆದರೆ ಬೇಡರ ಅರಸ ಪಿಡ್ಡನಾಯಕ ಕೈಗೆ ಸಿಗಲಿಲ್ಲ. ಇಂಥ ಜನರನ್ನು ದಾರಿಗಳ್ಳರ ಜೊತೆ ಸೇರಿಸುವುದು ಇತಿಹಾಸಕ್ಕೂ ಅವರಿಗೂ ಅನ್ಯಾಯ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಠಗ್ಗರ ವಿರುದ್ಧದ ಕಾರ್ಯಾಚರಣೆಯಲ್ಲಿ ಕಂಪನಿ ಸರ್ಕಾರ ಒಂದು ವಿಚಾರವನ್ನು ಬೆಳೆಸಿತು: ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ಅಪರಾಧ ಅವರ ಮನೆತನದ ಕಸುಬು ಎಂಬುದು. ಅದೇ ವಿಚಾರ ಬೆಳೆದು 1871ರಲ್ಲಿ ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಪಟ್ಟಿ ಮಾಡುವ ಕಾನೂನಾಯಿತು. ಆ ಕಳಂಕ ಕಾಗದದಿಂದ ಅಳಿಯಲು 1952ರವರೆಗೆ ಕಾಯಬೇಕಾಯಿತು. ಠಗ್ಗರ ಬಗ್ಗೆ ಬ್ರಿಟಿಷರು ಬರೆದದ್ದರಲ್ಲಿ ಎಷ್ಟು ಸತ್ಯ, ಎಷ್ಟು ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಕಿಮ್ ವಾಗ್ನರ್ 2007ರಲ್ಲಿ ಬರೆದ ಪುಸ್ತಕ ಈ ಚರ್ಚೆಗೆ ಒಳ್ಳೆಯ ಪ್ರವೇಶ. ದಾರಿಗಳಲ್ಲಿ ಕೊಲೆ ನಡೆಯುತ್ತಿದ್ದುದು ನಿಜ. ಆದರೆ ದೇಶದುದ್ದಕ್ಕೂ ಹಬ್ಬಿದ ಒಂದೇ ರಹಸ್ಯ ಪಂಥ, ಕಾಳಿಯ ಹೆಸರಿನಲ್ಲಿ ಬಲಿ ಎಂಬ ಚಿತ್ರ ಅಷ್ಟು ಸರಳವಾಗಿ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಟೇಲರ್ ಕಾದಂಬರಿಯನ್ನು ಕಾದಂಬರಿಯೆಂದೇ ಓದಬೇಕು.

ಬೇಡರ ಬಗ್ಗೆ ಟೇಲರ್ ಬರೆದಿಲ್ಲವೆ? ಬರೆದಿದ್ದಾರೆ, ಪ್ರೀತಿಯಿಂದಲೇ ಬರೆದಿದ್ದಾರೆ. ಅವರ ಸಾವಿನ ನಂತರ 1878ರಲ್ಲಿ ಪ್ರಕಟವಾದ ‘ಎ ನೋಬಲ್ ಕ್ವೀನ್’ ಚಾಂದಬೀಬಿಯ ಕಾಲದ ಕಾದಂಬರಿ. ಕೃಷ್ಣಾ ನದಿಯ ಜಲದುರ್ಗ, ಅಲ್ಲಿಯ ಬೇಡ ನಾಯಕರು ಅದರಲ್ಲಿ ಬರುತ್ತಾರೆ. ಸುರಪುರ ಸೀಮೆಯ ಮಣ್ಣಿನಿಂದ ಎದ್ದ ಟೇಲರ್ ಕಾದಂಬರಿ ಯಾವುದೆಂದು ಕೇಳಿದರೆ ನಾನು ಇದನ್ನು ತೋರಿಸುತ್ತೇನೆ, ಠಗ್ಗರದ್ದನ್ನಲ್ಲ.

ಆದರೆ ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನಗೆ ಮುಖ್ಯವೆನಿಸಿದ್ದು ಬೇರೆ. ಟೇಲರ್ ಹೆಸರಿನ ಬೆನ್ನು ಹಿಡಿದು ಠಗ್ಗರ ಕಡೆ ಹೋಗುವವರು, ತಮ್ಮೂರಿನಲ್ಲೇ ನಡೆದ, ಯಾವ ಚಲನಚಿತ್ರಕ್ಕೂ ಸಾಲುವಂಥ ಕಥೆಯನ್ನು ಹಿಂದೆ ಬಿಟ್ಟುಹೋಗುತ್ತಾರೆ. ಅದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಟೇಲರ್ ಸುರಪುರಕ್ಕೆ ಬಂದಾಗ ಸಂಸ್ಥಾನ ಇಕ್ಕಟ್ಟಿನಲ್ಲಿತ್ತು. ಕಪ್ಪದ ಬಾಕಿ ಬೆಳೆದಿತ್ತು, ಖಜಾನೆ ಬರಿದಾಗಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡ ಮೇಲೆ ಪಟ್ಟಕ್ಕೆ ಬರಬೇಕಾದವನು ಏಳೆಂಟು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡನಾಯಕ (ಔರಂಗಜೇಬನ ಕಾಲದವನಲ್ಲ, ಅದೇ ಹೆಸರಿನ ಇನ್ನೊಬ್ಬ) ಇನ್ನೊಂದು ಕಡೆ. ಇಬ್ಬರ ಹಿಂದೆಯೂ ಆಯುಧ ಹಿಡಿದ ಜನ. ಹೈದರಾಬಾದಿನಲ್ಲಿ ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಜನರಲ್ ಫ್ರೇಜರ್ ಈ ಜಗಳ ಬಿಡಿಸಿ ಆಡಳಿತ ನೋಡಿಕೊಳ್ಳಲು ಟೇಲರ್ ಅವರನ್ನು ಇಟ್ಟರು. 1853ರವರೆಗೆ ಹುಡುಗನ ಪರವಾಗಿ ಸಂಸ್ಥಾನ ನಡೆಸಿದವರು ಅವರೇ. ಜಮಾಬಂದಿ ಸರಿಪಡಿಸಿದರು, ದಾರಿ ಮಾಡಿಸಿದರು, ಹಿಂದಿನ ಅರಸ ಪಾಮನಾಯಕರ ಕಾಲದ ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿ ಅದರಲ್ಲಿ ದೋಣಿ ಓಡಿಸಿದರು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದುದೂ ಈ ವರ್ಷಗಳಲ್ಲೇ. ನೀವು ಶಹಾಪುರದವರಾದ್ದರಿಂದ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಗಟ್ಟಿ ನಿಲ್ಲಿಸಿರುವ ಬಂಡೆಗಳನ್ನು ನೋಡಿಯೇ ಇರುತ್ತೀರಿ. ಅವು ಶಿಲಾಯುಗದ ನಂತರದ, ಬೃಹತ್ ಶಿಲಾ ಸಂಸ್ಕೃತಿಯ ಕುರುಹು ಎಂದು ಮೊದಲು ಗುರುತಿಸಿ, ಅಳೆದು, ಬರೆದು ವಿದ್ವಾಂಸರ ಗಮನಕ್ಕೆ ತಂದವರಲ್ಲಿ ಟೇಲರ್ ಮುಖ್ಯರು. ರಾಜನಕೋಳೂರಿನ ಕಲ್ಗೋರಿಗಳು, ಜೇವರ್ಗಿಯ ಸಮಾಧಿಗಳ ಬಗ್ಗೆಯೂ ಬರೆದಿದ್ದಾರೆ. ಕಾದಂಬರಿಕಾರ ಟೇಲರ್‌ಗಿಂತ ಈ ಟೇಲರ್ ನಿಮ್ಮ ಸೀಮೆಗೆ ಕೊಟ್ಟದ್ದು ಹೆಚ್ಚು ಎಂದು ನಾನು ಹೇಳುವೆ.

ಪಟ್ಟಕ್ಕೆ ಬರಬೇಕಿದ್ದ ಆ ಹುಡುಗ ಟೇಲರ್ ಸಾಹೇಬರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಅವನೇ ಮುಂದೆ ನಾಲ್ವಡಿ ರಾಜಾ ವೆಂಕಟಪ್ಪ ನಾಯಕರು. 1853ರಲ್ಲಿ ಅವರಿಗೆ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದರು. ನಾಲ್ಕು ವರ್ಷದಲ್ಲಿ ಉತ್ತರದಲ್ಲಿ ದಂಗೆ ಎದ್ದಿತು. ಅದರ ಕಾವು ದಕ್ಷಿಣಕ್ಕೂ ತಟ್ಟಿ, ನರಗುಂದ, ಮುಂಡರಗಿಗಳಂತೆ ಸುರಪುರವೂ ಸಿದ್ಧವಾಗುತ್ತಿತ್ತು. ಅರಬ, ರೋಹಿಲಾ ಸಿಪಾಯಿಗಳು ಊರಲ್ಲಿ ಸೇರುತ್ತಿದ್ದಾರೆಂಬ ಸುದ್ದಿ ಹೋದಾಗ ರೆಸಿಡೆಂಟ್ ಡೇವಿಡ್‌ಸನ್ ಕ್ಯಾಪ್ಟನ್ ಕ್ಯಾಂಬೆಲ್‌ರನ್ನು ಕಳಿಸಿದರು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಾಳೆಯದ ಮೇಲೆ ರಾತ್ರಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತರು. ಸುತ್ತಲಿಂದ ಸೈನ್ಯ ಬರುತ್ತಿರುವುದು ತಿಳಿದು ವೆಂಕಟಪ್ಪ ನಾಯಕರು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದರು. ಅಲ್ಲಿ ಸಿಕ್ಕಿಬಿದ್ದರು, ನಿಜಾಮರ ದಿವಾನ ಸಾಲಾರ್ ಜಂಗ್ ನಾಯಕರನ್ನು ರೆಸಿಡೆಂಟರ ವಶಕ್ಕೆ ಕೊಟ್ಟರು.

ಸಿಕಂದರಾಬಾದಿನ ಸೆರೆಯಲ್ಲಿ ಅವರನ್ನು ನೋಡಲು ಬಂದವರು ಟೇಲರ್. ತಂದೆಯಂತೆ ಸಾಕಿದವನೇ ಈಗ ಎದುರು ಪಕ್ಷದ ಅಧಿಕಾರಿ. ದಂಗೆಗೆ ಪ್ರೇರಣೆ ಕೊಟ್ಟವರ ಹೆಸರು ಹೇಳಿದರೆ ಅನುಕೂಲವಾಗಬಹುದು ಎಂಬ ಮಾತು ಬಂತು, ನಾಯಕರು ಹೇಳಲಿಲ್ಲ. ಮರಣದಂಡನೆ ವಿಧಿಸಲಾಯಿತು. ಅದು ಮೊದಲು ಜೀವಾವಧಿ ಗಡಿಪಾರಿಗೆ, ಆಮೇಲೆ ಗವರ್ನರ್ ಜನರಲ್ಲರ ಆದೇಶದಿಂದ ಮದರಾಸಿನ ಬಳಿಯ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅಷ್ಟು ಕಳೆದರೆ ಸಂಸ್ಥಾನ ಮತ್ತೆ ಸಿಗುವ ಭರವಸೆಯೂ ಇತ್ತು. ಚೆಂಗಲ್‌ಪಟ್ಟಿಗೆ ಹೋಗುವ ದಾರಿಯಲ್ಲಿ, ಮೊದಲ ಪಾಳೆಯದಲ್ಲೇ ಗುಂಡು ತಗುಲಿ ಅವರು ತೀರಿಕೊಂಡರು. ಕಾವಲಿನ ಅಧಿಕಾರಿ ಕುರ್ಚಿಗೆ ತೂಗುಹಾಕಿದ್ದ ಪಿಸ್ತೂಲನ್ನು ತೆಗೆದು ತಾವೇ ಹೊಡೆದುಕೊಂಡರು ಎಂದು ಟೇಲರ್ ಬರೆಯುತ್ತಾರೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾವು ಎಂದು ಜಾತಕದಲ್ಲಿ ಬರೆದಿದ್ದುದನ್ನು ರಾಣಿ ಈಶ್ವರಮ್ಮ ಬಹಳ ಹಿಂದೆಯೇ ತನಗೆ ತಿಳಿಸಿದ್ದಳು ಎಂದೂ ಸೇರಿಸುತ್ತಾರೆ.

ಸುರಪುರದ ಜನ ಇದನ್ನು ಹಾಗೇ ಒಪ್ಪಿಕೊಂಡಿಲ್ಲ. ಬಿಡುಗಡೆಯ ಆಸೆ ಇರುವ ಯುವಕ ಯಾಕೆ ಪ್ರಾಣ ಕಳೆದುಕೊಳ್ಳುತ್ತಾನೆ, ಕೊಂದು ಆತ್ಮಹತ್ಯೆ ಎಂದು ಹೇಳಿದ್ದಾರೆ ಎಂಬ ಮಾತು ತಲೆಮಾರಿನಿಂದ ನಡೆದು ಬಂದಿದೆ. ಅದನ್ನು ಬರೀ ಭಾವನೆ ಎಂದು ತಳ್ಳಿಹಾಕುವಂತಿಲ್ಲ. ಯಾಕೆಂದರೆ ಆ ಗುಂಡು ಹಾರಿದಾಗ ಟೇಲರ್ ಅಲ್ಲಿರಲಿಲ್ಲ. ಅವರು ಬರೆದದ್ದು ಇತರ ಅಧಿಕಾರಿಗಳಿಂದ ಕೇಳಿದ್ದು. ಆ ಅಧಿಕಾರಿಗಳ ಮಾತನ್ನು ಪ್ರಶ್ನಿಸುವ ಸ್ಥಾನದಲ್ಲಿ ಆಗ ಯಾವ ಬೇಡನೂ ಇರಲಿಲ್ಲ. ಟೇಲರ್ ನಾಯಕರನ್ನು ಪ್ರೀತಿಸುತ್ತಿದ್ದುದು ಅವರ ಬರಹದಲ್ಲಿ ಕಾಣುತ್ತದೆ, ಅದನ್ನು ನಾನು ನಂಬುತ್ತೇನೆ. ಆದರೆ ಅದೇ ಪ್ರೀತಿ, ಹುಡುಗನನ್ನು ಸುತ್ತಲಿನವರು ಕೆಡಿಸಿದರು ಎಂಬ ಒಂದೇ ವಿವರಣೆಯಲ್ಲಿ ಅವರನ್ನು ನಿಲ್ಲಿಸಿಬಿಡುತ್ತದೆ. ತಾನು ಸಾಕಿದ ರಾಜ ತಾನಾಗಿ ಯೋಚಿಸಿ ಬ್ರಿಟಿಷರ ವಿರುದ್ಧ ನಿಂತಿರಬಹುದು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ನಾಯಕರ ಸಾವಿನ ನಂತರ ಟೇಲರ್ ಅವರೇ ಕಮಿಷನರ್ ಆಗಿ ಸುರಪುರಕ್ಕೆ ಮರಳಿದರು. 1860ರಲ್ಲಿ ಸಂಸ್ಥಾನವನ್ನು ನಿಜಾಮರಿಗೆ ಕೊಟ್ಟಾಯಿತು. ಅದೇ ವರ್ಷ ಆರೋಗ್ಯ ಕೆಟ್ಟು ಅವರು ಭಾರತ ಬಿಟ್ಟರು.

ಕನ್ನಡದಲ್ಲಿ ಬ್ರಿಟಿಷರ ಕಾಲದ ಚಿತ್ರಗಳಿಗೆ ಕೊರತೆಯಿಲ್ಲ. ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ದಿಂದ 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದವರೆಗೆ ನೋಡಿದ್ದೀರಿ. ಅವುಗಳಲ್ಲಿ ಶತ್ರು ಯಾರು, ನಮ್ಮವರು ಯಾರು ಎಂಬುದು ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ. ಸುರಪುರದ ಕಥೆ ಹಾಗಲ್ಲ. ಅಲ್ಲಿ ಶತ್ರುವಿನ ಕಡೆಯವನು ಅಪ್ಪನ ಸ್ಥಾನದಲ್ಲಿದ್ದಾನೆ. ಅದನ್ನು ಚಿತ್ರವಾಗಿ ಮಾಡುವುದು ಕಷ್ಟ, ಮಾಡಿದರೆ ಬೆಲೆಯುಳ್ಳದ್ದಾಗುತ್ತದೆ.

ಕೊನೆಗೆ, ನೀವೇ ಓದಿ ನೋಡುವ ಮನಸ್ಸಿದ್ದರೆ ಎರಡು ಮಾತು. ಟೇಲರ್ ಪುಸ್ತಕಗಳ ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಗಿರುವುದರಿಂದ ಇಂಗ್ಲಿಷ್ ಮೂಲ ಸುಲಭವಾಗಿ ಸಿಗುತ್ತದೆ. ಠಗ್ಗರ ಕಾದಂಬರಿಗಿಂತ ಮೊದಲು ಅವರ ಆತ್ಮಕಥೆ ‘ಸ್ಟೋರಿ ಆಫ್ ಮೈ ಲೈಫ್’ ಓದಿ. ಮಗಳು ಆಲಿಸ್ ಸಂಪಾದಿಸಿ 1877ರಲ್ಲಿ ಹೊರತಂದದ್ದು ಅದು. ಅದರಲ್ಲಿ ಸುರಪುರದ ಹೆಸರು ‘ಶೋರಾಪುರ’ ಎಂದಿದೆ, ಊರುಗಳ ಹೆಸರು ಗುರುತಿಸುವುದು ಮೊದಲಿಗೆ ಸ್ವಲ್ಪ ಕಷ್ಟ. ಓದುವಾಗ ಟೇಲರ್ ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿ ಬರೆದದ್ದು ಯಾವುದು ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಆಮೇಲೆ ಸುರಪುರದ ಹಿರಿಯರಲ್ಲಿ ಯಾರಾದರೂ ನಾಯಕರ ಕೊನೆಯ ದಿನಗಳ ಬಗ್ಗೆ ಕೇಳಿದ್ದನ್ನು ಹೇಳಿದರೆ ಅದನ್ನೂ ಪಕ್ಕದಲ್ಲೇ ಬರೆದಿಡಿ, ಹೇಳಿದವರು ಯಾರಿಂದ ಕೇಳಿದರು ಎಂಬುದನ್ನೂ ಮರೆಯದೆ ಸೇರಿಸಿ.